ಪ್ಲಾಟು ಕೊಳ್ಳಲು ಯಾವ ಸಾಲ? ಮೊದಲು ತೀರಿಸುವ ದಿನ ನೋಡೋಣ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಈ ಊರುಗಳಲ್ಲಿ ಯಾವುದರ ಹೊರವಲಯಕ್ಕೆ ಹೋದರೂ ಪ್ಲಾಟು ಮಾರಾಟದ ಬೋರ್ಡು ಕಾಣುತ್ತದೆ. ನಮ್ಮ ಕರ್ಜಗಿಯಲ್ಲೂ ನಾಲ್ಕು ಜನ ಸೇರಿದರೆ ಜಾಗದ ರೇಟಿನ ಮಾತು ಬರುತ್ತದೆ. 'ಈ ವರ್ಷ ತೊಗೊಂಡು ಮುಂದಿನ ವರ್ಷ ಮಾರಿದ್ರ ಲಾಭ' ಎನ್ನುವವರು ಬಹಳ. ಆದರೆ ಪೂರ್ತಿ ರೊಕ್ಕ ಕೈಯಲ್ಲಿಟ್ಟುಕೊಂಡು ಪ್ಲಾಟು ಕೊಳ್ಳುವವರು ಕಡಿಮೆ. ಒಂದೆರಡು ಲಕ್ಷ ಕಡಿಮೆ ಬಿದ್ದೇ ಬೀಳುತ್ತದೆ. ಅದನ್ನು ಒಂದು ವರ್ಷದ ಮಟ್ಟಿಗೆ ಎಲ್ಲಿಂದ ತರಬೇಕು ಎನ್ನುವುದೇ ಈ ಲೇಖನದ ವಿಷಯ.

ಈ ಪ್ರಶ್ನೆ ಈ ವರ್ಷ ನಮ್ಮ ಮನೆಯಲ್ಲೇ ಬಂತು. ಮಾಮು ಮತ್ತು ಅಬ್ಬಾ ಸೇರಿ ಒಂದು ಪ್ಲಾಟು ನೋಡಿದ್ದರು. ಎರಡು ಲಕ್ಷ ಕಡಿಮೆ ಇತ್ತು. ಸಾಲ ಮಾಡಿ ಕೊಂಡು, ವರ್ಷದೊಳಗೆ ಮಾರಿ, ಸಾಲ ತೀರಿಸುವುದು ಮಾಮು ಅವರ ಯೋಚನೆ. ಅಡ ಇಡಲು ಮನೆಯಲ್ಲಿದ್ದದ್ದು ಅಮ್ಮಿಯ ಬಂಗಾರ ಮಾತ್ರ. ಅದನ್ನು ಮುಂದಿನ ವರ್ಷದ ಆಪಾಳ ನಿಕಾಹ್‌ಗೆ ಎಂದು ಇಟ್ಟಿದ್ದಾರೆ. 'ನೀನು ಕಾಮರ್ಸ್ ಓದುತ್ತೀಯಲ್ಲ, ಲೆಕ್ಕ ಹಾಕಿ ಹೇಳು' ಎಂದು ಮಾಮು ಉರ್ದುವಿನಲ್ಲಿ ಹೇಳಿದರು. ಅದಕ್ಕಾಗಿ ನಾನು ಕೂಡಿಸಿದ ಮಾಹಿತಿ ಮತ್ತು ಹಾಕಿದ ಲೆಕ್ಕವನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಬಂದರೆ ಉಪಯೋಗವಾಗಬಹುದು.

ಪಠ್ಯಪುಸ್ತಕದ ಮಾತು

ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ಹಣಕಾಸಿನ ಮೂಲಗಳ ಪಾಠ ಓದಿದ್ದೇವೆ. ಒಂದು ವರ್ಷದೊಳಗೆ ತೀರಿಸುವುದು ಅಲ್ಪಾವಧಿ, ಒಂದರಿಂದ ಐದು ವರ್ಷದ್ದು ಮಧ್ಯಮಾವಧಿ, ಐದು ವರ್ಷ ಮೀರಿದ್ದು ದೀರ್ಘಾವಧಿ. ಜಮೀನು, ಕಟ್ಟಡದಂಥ ಸ್ಥಿರ ಆಸ್ತಿಗೆ ದೀರ್ಘಾವಧಿ ಹಣ ಬೇಕು, ದಿನದ ವ್ಯಾಪಾರಕ್ಕೆ ಅಲ್ಪಾವಧಿ ಹಣ ಸಾಕು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೇವೆ.

ಹಾಗಾದರೆ ಪ್ಲಾಟಿಗೆ ಅಲ್ಪಾವಧಿ ಸಾಲ ಮಾಡುವುದು ಪಾಠಕ್ಕೆ ವಿರುದ್ಧವಲ್ಲವೇ? ಒಂದು ಸಂದರ್ಭದಲ್ಲಿ ಅಲ್ಲ. ನಮಗೆ ಬರಬೇಕಾದ ಹಣ ನಿಶ್ಚಿತವಾಗಿದೆ, ಆದರೆ ಅದು ಬರುವ ಮೊದಲೇ ಖರೀದಿಯ ದಿನ ಬಂದಿದೆ. ಈ ನಡುವಿನ ತಿಂಗಳುಗಳಿಗೆ ಮಾತ್ರ ಸಾಲ ಬೇಕು. ದೊಡ್ಡ ಊರುಗಳಲ್ಲಿ ಇದಕ್ಕೆಂದೇ 'ಬ್ರಿಡ್ಜ್ ಲೋನ್' ಎಂಬ ಸಾಲವಿದೆ. ಹಳೆಯ ಮನೆ ಮಾರಾಟವಾಗುವ ಮೊದಲೇ ಹೊಸ ಮನೆ ಕೊಳ್ಳಬೇಕಾದವರು ಅದನ್ನು ಪಡೆಯುತ್ತಾರೆ. ಬ್ರಿಡ್ಜ್ ಎಂದರೆ ಸೇತುವೆ. ಆಚೆಯ ದಡ ಎಲ್ಲಿದೆ ಎಂದು ಗೊತ್ತಿದ್ದರೆ ಮಾತ್ರ ಸೇತುವೆ ಕಟ್ಟಬಹುದು. ಇಲ್ಲಿ ಆಚೆಯ ದಡ ಎಂದರೆ ಸಾಲ ತೀರಿಸುವ ಹಣ.

ಬ್ಯಾಂಕುಗಳು ಪ್ಲಾಟಿಗೂ ದೀರ್ಘಾವಧಿ ಸಾಲ ಕೊಡುತ್ತವೆ. ಆದರೆ ಆರ್‌ಬಿಐ ನಿಯಮದಂತೆ, ಬ್ಯಾಂಕು ಹೇಳಿದ ಅವಧಿಯೊಳಗೆ ಆ ಜಾಗದಲ್ಲಿ ಮನೆ ಕಟ್ಟುವುದಾಗಿ ಬರೆದುಕೊಡಬೇಕು. ವರ್ಷದಲ್ಲಿ ಮಾರುವ ಉದ್ದೇಶವಿದ್ದವರಿಗೆ ಅದು ಹೊಂದುವುದಿಲ್ಲ. ಅದಕ್ಕೇ ಜನ ಬೇರೆ ಸಾಲಗಳ ಕಡೆ ನೋಡುತ್ತಾರೆ.

ಬಡ್ಡಿಗಿಂತ ಮೊದಲು ಬರುವ ಖರ್ಚು

ಲೆಕ್ಕಕ್ಕೆ ಪ್ಲಾಟಿನ ಬೆಲೆ 6,00,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್, ನೋಂದಣಿ ಶುಲ್ಕ ಶೇ. 2. ನೋಂದಣಿ ಶುಲ್ಕ ಮೊದಲು ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಎಲ್ಲ ಸೇರಿ ಸುಮಾರು ಶೇ. 7.6. ಅಂದರೆ 6 ಲಕ್ಷದ ಪ್ಲಾಟಿಗೆ ಸುಮಾರು 46,000 ರೂಪಾಯಿ. ಸರ್ಕಾರದ ಮಾರ್ಗಸೂಚಿ ಬೆಲೆ ನಾವು ಕೊಟ್ಟ ಬೆಲೆಗಿಂತ ಹೆಚ್ಚಿದ್ದರೆ ಶುಲ್ಕವನ್ನು ಆ ಬೆಲೆಯ ಮೇಲೆ ಕಟ್ಟಬೇಕು.

ಹೀಗೆ ಸಾಲದ ಮಾತು ಬರುವ ಮೊದಲೇ ಪ್ಲಾಟು ನಮಗೆ 6,46,000 ರೂಪಾಯಿಗೆ ಬೀಳುತ್ತದೆ. ವರ್ಷದ ನಂತರ 6,30,000ಕ್ಕೆ ಮಾರಿದರೆ ನೋಡುವವರು '30,000 ಲಾಭ' ಎನ್ನುತ್ತಾರೆ. ನಿಜವಾಗಿ ಅದು 16,000 ನಷ್ಟ. ಇದರ ಮೇಲೆ ಬಡ್ಡಿ ಬೇರೆ. ಲಾಭ ಬಂದರೂ, ಕೊಂಡ 24 ತಿಂಗಳೊಳಗೆ ಮಾರಿದರೆ ಆ ಲಾಭ ನಮ್ಮ ಆದಾಯಕ್ಕೆ ಸೇರಿ ತೆರಿಗೆಯ ಲೆಕ್ಕಕ್ಕೆ ಬರುತ್ತದೆ.

ಸಾಲಗಳು ಒಂದೊಂದಾಗಿ

ಈಗ ಎರಡು ಲಕ್ಷ ರೂಪಾಯಿ, ಒಂದು ವರ್ಷ ಎಂದು ಇಟ್ಟುಕೊಂಡು ಹೋಲಿಸೋಣ. ಕೆಳಗಿನ ಬಡ್ಡಿ ದರಗಳು ಲೆಕ್ಕಕ್ಕಾಗಿ ನಾನು ಹಿಡಿದವು. ನಿಮಗೆ ಸಿಗುವ ದರ ಬೇರೆ ಇರಬಹುದು.

ಬಂಗಾರದ ಸಾಲ: ಬೇಗ ಸಿಗುತ್ತದೆ, ಸಂಬಳದ ಚೀಟಿ ಬೇಕಿಲ್ಲ. ವರ್ಷದ ಕೊನೆಗೆ ಅಸಲು ಬಡ್ಡಿ ಒಟ್ಟಿಗೆ ಕಟ್ಟುವ ವಿಧಾನದಲ್ಲಿ ಗರಿಷ್ಠ ಅವಧಿ 12 ತಿಂಗಳು. ಆರ್‌ಬಿಐ 2025ರ ಜೂನ್‌ನಲ್ಲಿ ಹೊರಡಿಸಿದ ನಿಯಮಗಳನ್ನು 2026ರ ಏಪ್ರಿಲ್ 1ರೊಳಗೆ ಜಾರಿ ಮಾಡಬೇಕು. ಅದರಂತೆ 2.5 ಲಕ್ಷದವರೆಗಿನ ಸಾಲಕ್ಕೆ ಬಂಗಾರದ ಬೆಲೆಯ ಶೇ. 85, ಅದರ ಮೇಲೆ 5 ಲಕ್ಷದವರೆಗೆ ಶೇ. 80, 5 ಲಕ್ಷ ಮೀರಿದರೆ ಶೇ. 75 ಮಿತಿ. ಕೊನೆಗೆ ಒಟ್ಟಿಗೆ ಕಟ್ಟುವ ಸಾಲದಲ್ಲಿ ಈ ಮಿತಿಯನ್ನು ಬಡ್ಡಿಯೂ ಸೇರಿದ ಮೊತ್ತಕ್ಕೆ ನೋಡುತ್ತಾರೆ. ಶೇ. 10 ಬಡ್ಡಿ ಹಿಡಿದರೆ ವರ್ಷದ ಕೊನೆಗೆ 2,20,000 ಕಟ್ಟಬೇಕು. ಅದಕ್ಕೆ ಸುಮಾರು 2,59,000 ರೂಪಾಯಿ ಬೆಲೆಯ ಬಂಗಾರ ಇಡಬೇಕು. ಮಜೂರಿ ಮತ್ತು ಹರಳಿನ ಬೆಲೆ ಲೆಕ್ಕಕ್ಕಿಲ್ಲ. ಅವಧಿ ಮುಗಿದಾಗ ಅಸಲು ಇಲ್ಲದಿದ್ದರೆ ಬಡ್ಡಿ ಕಟ್ಟಿ ನವೀಕರಿಸಲು ಕೇಳಬಹುದು. ಅದೂ ಆಗದಿದ್ದರೆ ಕೊನೆಗೆ ಹರಾಜು.

ಠೇವಣಿ ಅಥವಾ ಎಲ್‌ಐಸಿ ಪಾಲಿಸಿಯ ಮೇಲಿನ ಸಾಲ: ಮನೆಯಲ್ಲಿ ಯಾರದಾದರೂ ಫಿಕ್ಸೆಡ್ ಡೆಪಾಸಿಟ್ ಇದ್ದರೆ ಅದನ್ನು ಮುರಿಯದೆ ಅದರ ಮೇಲೆ ಸಾಲ ಪಡೆಯಬಹುದು. ಬಡ್ಡಿ ಸಾಮಾನ್ಯವಾಗಿ ಠೇವಣಿಯ ದರಕ್ಕಿಂತ ಶೇ. 1ರಿಂದ 2 ಹೆಚ್ಚು. ಓವರ್‌ಡ್ರಾಫ್ಟ್ ರೂಪದಲ್ಲಿ ಪಡೆದರೆ ಬಳಸಿದ ಹಣಕ್ಕೆ, ಬಳಸಿದ ದಿನಗಳಿಗೆ ಮಾತ್ರ ಬಡ್ಡಿ. ಅಗ್ಗದ ದಾರಿಗಳಲ್ಲಿ ಇದೂ ಒಂದು. ಆದರೆ ಠೇವಣಿ ಇದ್ದವರಿಗೆ ಮಾತ್ರ.

ವೈಯಕ್ತಿಕ ಸಾಲ: ಮುಖ್ಯವಾಗಿ ಸಂಬಳದವರಿಗೆ. ಉಳಿದ ಅಸಲಿನ ಮೇಲೆ ಶೇ. 14 ಎಂದು ಹಿಡಿದರೆ ತಿಂಗಳ ಕಂತು ಸುಮಾರು 17,960 ರೂಪಾಯಿ, ವರ್ಷದ ಒಟ್ಟು ಬಡ್ಡಿ ಸುಮಾರು 15,500. ದರ ಹೆಚ್ಚಿದ್ದರೂ ಬಡ್ಡಿಯ ರೂಪಾಯಿ ಬಂಗಾರದ ಸಾಲಕ್ಕಿಂತ ಕಡಿಮೆ ಬಂತಲ್ಲ ಎಂದು ನನಗೂ ಆಶ್ಚರ್ಯವಾಯಿತು. ಕಾರಣ, ಪ್ರತಿ ತಿಂಗಳು ಅಸಲು ಇಳಿಯುತ್ತಾ ಹೋಗುತ್ತದೆ. ಆದರೆ ಪ್ಲಾಟಿನಿಂದ ಬಾಡಿಗೆ ಬರುವುದಿಲ್ಲ. ಆ 17,960 ರೂಪಾಯಿ ಮುಂದಿನ ತಿಂಗಳಿಂದಲೇ ಮನೆಯ ಖರ್ಚಿನಿಂದ ಹೊರಡಬೇಕು.

ಇಲ್ಲಿ ಇನ್ನೊಂದು ಎಚ್ಚರಿಕೆ. 'ಫ್ಲಾಟ್ ಶೇ. 12' ಎಂದು ಹೇಳಿದರೆ ಅದು ಶೇ. 14ಕ್ಕಿಂತ ಕಡಿಮೆ ಅಲ್ಲ. ಎರಡು ಲಕ್ಷಕ್ಕೆ 24,000 ಸೇರಿಸಿ ಹನ್ನೆರಡು ಕಂತು ಮಾಡುತ್ತಾರೆ. ಅಸಲು ಇಳಿದರೂ ಬಡ್ಡಿ ಇಳಿಯುವುದಿಲ್ಲ. ಉಳಿದ ಅಸಲಿನ ಲೆಕ್ಕಕ್ಕೆ ತಂದರೆ ಅದು ಸುಮಾರು ಶೇ. 21.5 ಆಗುತ್ತದೆ. 2024ರ ಅಕ್ಟೋಬರ್ 1ರಿಂದ ಬ್ಯಾಂಕು ಮತ್ತು ಹಣಕಾಸು ಕಂಪನಿಗಳು ಇಂಥ ಸಾಲಕ್ಕೆ ಸಹಿ ಪಡೆಯುವ ಮೊದಲು 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಎಂಬ ಹಾಳೆ ಕೊಡಲೇಬೇಕು. ಎಲ್ಲ ಶುಲ್ಕ ಸೇರಿದ ವಾರ್ಷಿಕ ದರ ಅದರಲ್ಲಿ ಇರುತ್ತದೆ. ಅದೊಂದು ಸಂಖ್ಯೆ ಹೋಲಿಸಿದರೆ ಸಾಕು.

ಚೀಟಿ: ಇಪ್ಪತ್ತು ಜನ, ತಿಂಗಳಿಗೆ 10,000, ಒಟ್ಟು ಎರಡು ಲಕ್ಷದ ಚೀಟಿ ಎನ್ನೋಣ. ನಾಲ್ಕನೇ ತಿಂಗಳಲ್ಲಿ ಹಣ ಬೇಕೆಂದು 50,000 ಬಿಟ್ಟು ಕೂಗಿದರೆ ಕೈಗೆ ಬರುವುದು 1,50,000. ಅಂದರೆ ಎರಡು ಲಕ್ಷದ ಚೀಟಿ ಎರಡು ಲಕ್ಷದ ಕೊರತೆಯನ್ನು ತುಂಬುವುದಿಲ್ಲ. ಎತ್ತಿದ ಮೇಲೂ ಹದಿನಾರು ತಿಂಗಳ ಕಂತು ಬಾಕಿ. ಬೇಗ ಎತ್ತಿದವರಿಗೆ ಚೀಟಿ ಸಾಲ, ಕೊನೆಯವರೆಗೆ ಕಾದವರಿಗೆ ಉಳಿತಾಯ. ಚೀಟಿ ನಡೆಸಲು 1982ರ ಚೀಟಿ ನಿಧಿ ಕಾಯ್ದೆಯ ಪ್ರಕಾರ ನೋಂದಣಿ ಬೇಕು. ನಡೆಸುವವರ ಕಮಿಷನ್ ಶೇ. 7 ಮೀರುವಂತಿಲ್ಲ. 2019ರ ತಿದ್ದುಪಡಿಗೆ ಮೊದಲು ಇದು ಶೇ. 5 ಇತ್ತು. ನಮ್ಮ ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಓಣಿಯ ಬಾಯಿಮಾತಿನ ಚೀಟಿಯಲ್ಲಿ ನಡೆಸುವವರು ಊರು ಬಿಟ್ಟರೆ ಕೇಳಲು ಕಾಗದವೇ ಇರುವುದಿಲ್ಲ.

ಬಡ್ಡಿಯ ಕೈಸಾಲ: ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂದರೆ ಕಿವಿಗೆ ಸಣ್ಣದಾಗಿ ಕೇಳುತ್ತದೆ. ವರ್ಷಕ್ಕೆ ಅದು ಶೇ. 36. ಎರಡು ಲಕ್ಷಕ್ಕೆ ತಿಂಗಳಿಗೆ 6,000, ವರ್ಷಕ್ಕೆ 72,000, ಅಸಲು ಹಾಗೇ ಇರುತ್ತದೆ. ಕರ್ನಾಟಕದಲ್ಲಿ ಲೇವಾದೇವಿದಾರರಿಗೆ ಪರವಾನಗಿ ಬೇಕು. ಭದ್ರತೆ ಇರುವ ಸಾಲಕ್ಕೆ ಶೇ. 14, ಇಲ್ಲದ ಸಾಲಕ್ಕೆ ಶೇ. 16 ವಾರ್ಷಿಕ ಬಡ್ಡಿಯ ಮಿತಿ.

ವಾರದ ಕಂತಿನ ಸಂಘದ ಸಾಲ: ಇದು ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಗಳಿಗೆ ಅಡವಿಲ್ಲದೆ ಕೊಡುವ ಸಾಲ. ಎರಡು ಮೂರು ಕಡೆ ಇಂಥ ಸಾಲ ಎತ್ತಿ ಒಂದೇ ಕಡೆ ಹಾಕಿದರೆ ಪ್ರತಿ ವಾರ ಕಂತು ಬರುತ್ತದೆ, ಪ್ಲಾಟಿನಿಂದ ಏನೂ ಬರುವುದಿಲ್ಲ. 2025ರ ಆರಂಭದಲ್ಲಿ ನಮ್ಮ ಜಿಲ್ಲೆಯ ಮಹಿಳೆಯರೇ ವಸೂಲಿಯ ಕಿರುಕುಳ ತಾಳಲಾರದೆ ಮಾಂಗಲ್ಯವನ್ನು ಮುಖ್ಯಮಂತ್ರಿಗೆ ಅಂಚೆಯಲ್ಲಿ ಕಳಿಸುವ ಹೋರಾಟ ಮಾಡಿದ್ದರು. ಆ ಫೆಬ್ರುವರಿಯಲ್ಲಿ ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು.

ಸೊಸೈಟಿಯ ಬೆಳೆ ಸಾಲ: 2023ರ ಬಜೆಟ್‌ನಲ್ಲಿ ಬಡ್ಡಿಯಿಲ್ಲದ ಅಲ್ಪಾವಧಿ ಬೆಳೆ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. 'ಬಡ್ಡಿ ಇಲ್ಲ, ಅದನ್ನೇ ಪ್ಲಾಟಿಗೆ ಹಾಕೋಣ' ಎನ್ನುವ ಆಸೆ ಹುಟ್ಟುತ್ತದೆ. ಆದರೆ ಆ ಹಣ ಬೀಜ ಗೊಬ್ಬರಕ್ಕೆ ಕೊಟ್ಟದ್ದು. ಅದನ್ನು ಜಾಗಕ್ಕೆ ಹಾಕಿದರೆ ಬಿತ್ತನೆಗೆ ಮತ್ತೆ ಕೈಸಾಲ ಮಾಡಬೇಕಾಗುತ್ತದೆ. ಗಡುವಿನೊಳಗೆ ಕಟ್ಟದಿದ್ದರೆ ಬಡ್ಡಿಯ ರಿಯಾಯಿತಿಯೂ ಹೋಗುತ್ತದೆ.

ಎಷ್ಟಕ್ಕೆ ಮಾರಿದರೆ ನಷ್ಟವಿಲ್ಲ?

ಮಾಮು ಕೇಳಿದ್ದು ಇದನ್ನೇ. ಪ್ಲಾಟಿಗೆ ಬಿದ್ದದ್ದು 6,46,000. ಬಂಗಾರದ ಸಾಲದ ಬಡ್ಡಿ 20,000 ಸೇರಿದರೆ 6,66,000. ಅಂದರೆ ವರ್ಷದಲ್ಲಿ ಬೆಲೆ ಶೇ. 11 ಏರಿದರೆ ಅಸಲಿಗೆ ಅಸಲು. ನೂರಕ್ಕೆ ಮೂರರ ಕೈಸಾಲವಾದರೆ 7,18,000. ಬೆಲೆ ಸುಮಾರು ಶೇ. 20 ಏರಬೇಕು, ಆಗಲೂ ಲಾಭ ಸೊನ್ನೆ.

ಇದಕ್ಕಿಂತ ದೊಡ್ಡ ತೊಂದರೆ ದಿನಾಂಕದ್ದು. ಬೆಲೆ ಏರಿದ ಮಾತ್ರಕ್ಕೆ ಬೇಕಾದ ದಿನ ಕೊಳ್ಳುವವರು ಸಿಗುವುದಿಲ್ಲ. ಸಾಲದ ಗಡುವು ಹತ್ತಿರ ಬಂದಿದೆ ಎಂದು ಎದುರಿನವರಿಗೆ ಗೊತ್ತಾದರೆ ಅವರು ಬೆಲೆ ಇಳಿಸಿಯೇ ಕೇಳುತ್ತಾರೆ.

ಬೆಳೆಯ ಹಣ ನಂಬುವವರಿಗೂ ಇದೇ ಮಾತು. ಬ್ಯಾಡಗಿಯ ಮಾರುಕಟ್ಟೆ ನಮಗೆಲ್ಲ ಗೊತ್ತು. 2024ರ ಮಾರ್ಚ್ 11ರಂದು ಒಣ ಮೆಣಸಿನಕಾಯಿ ದರ ಕುಸಿದು ರೈತರು ಸಿಟ್ಟಿಗೆದ್ದು ಎಪಿಎಂಸಿ ಆವರಣದಲ್ಲಿ ವಾಹನಗಳಿಗೆ ಬೆಂಕಿ ಬಿದ್ದದ್ದು ನೆನಪಿದೆ. 'ಮಾರ್ಚ್‌ನಲ್ಲಿ ಮೆಣಸಿನಕಾಯಿ ಮಾರಿ ಕಟ್ಟುತ್ತೇನೆ' ಎಂದು ಆ ವರ್ಷ ಸಾಲ ಮಾಡಿದ್ದವರ ಪಾಡು ಏನಾಗಿರಬಹುದು? ಬರಬಹುದಾದ ಹಣ ಬೇರೆ, ಬಂದೇ ಬರುವ ಹಣ ಬೇರೆ. ಮುಂದಿನ ತಿಂಗಳ ನಿವೃತ್ತಿ ಹಣ, ಅವಧಿ ಮುಗಿಯಲಿರುವ ಠೇವಣಿ, ಇವು ಎರಡನೆಯ ಬಗೆಯವು. ಅಲ್ಪಾವಧಿ ಸಾಲಕ್ಕೆ ಅಂಥ ಹಣವೇ ಆಧಾರವಾಗಬೇಕು.

ಬಡ್ಡಿ ಬೇಡ ಎನ್ನುವ ಮನೆಗಳಲ್ಲಿ

ನಮ್ಮ ಕಾಲೇಜಿನ ಅನೇಕರ ಮನೆಗಳಂತೆ ನಮ್ಮ ಮನೆಯಲ್ಲೂ ದಾದಿ 'ಸೂದ್' ಎಂಬ ಪದ ಕೇಳಿದರೆ ಎದ್ದು ಹೋಗುತ್ತಾರೆ. ಹಾಗೆಂದು ದಾರಿಗಳೇ ಇಲ್ಲ ಎಂದಲ್ಲ. ಮೂರು ದಾರಿ ನನಗೆ ಕಂಡವು.

ಒಂದು, ಕರ್ಜೆ ಹಸನಾ, ಅಂದರೆ ಬಂಧುಗಳಿಂದ ಬಡ್ಡಿಯಿಲ್ಲದ ಕೈಗಡ. ಬಡ್ಡಿ ಇಲ್ಲದಿದ್ದರೂ ಗಡುವು ಇರಬೇಕು. ಕುರ್‌ಆನಿನ ಅತಿ ಉದ್ದದ ಆಯತ್ ಸೂರಾ ಬಕರಾದ 282ನೆಯದು. ಅದು ಸಾಲವನ್ನು ಬರೆದಿಡುವ ಬಗ್ಗೆಯೇ ಇದೆ. ಆದರೂ 'ನಮ್ಮವರೊಳಗೆ ಕಾಗದ ಯಾಕೆ' ಎನ್ನುವವರು ನಾವೇ.

ಎರಡು, ಮಾರುವವರೊಂದಿಗೇ ಕಂತಿನ ಮಾತು. ಸಂಚಕಾರ ಕೊಟ್ಟು, ಕರಾರು ಪತ್ರದಲ್ಲಿ ಖರೀದಿಯ ದಿನವನ್ನು ಆರು ತಿಂಗಳು ಮುಂದೆ ಬರೆಸಿಕೊಂಡರೆ ಆರು ತಿಂಗಳ ಸಾಲವೇ ಉಳಿಯುತ್ತದೆ.

ಮೂರು, ಪಾಲುದಾರಿಕೆ. ಕಡಿಮೆ ಬಿದ್ದ ಹಣವನ್ನು ಸಾಲವಾಗಿ ಅಲ್ಲ, ಪಾಲಾಗಿ ತರುವುದು. ಖರೀದಿ ಪತ್ರದಲ್ಲಿ ಎಲ್ಲರ ಹೆಸರು, ಹಣಕ್ಕೆ ತಕ್ಕ ಪಾಲು. ಲಾಭ ಹಂಚಿಹೋಗುತ್ತದೆ, ನಷ್ಟವೂ ಹಂಚಿಹೋಗುತ್ತದೆ, ಗಡುವು ಇರುವುದಿಲ್ಲ.

ಹಾಗೆಯೇ 'ಹಲಾಲ್' ಎಂಬ ಹೆಸರೊಂದನ್ನೇ ನೋಡಿ ಹಣದ ವ್ಯವಹಾರ ಮಾಡಬಾರದು. ಬೆಂಗಳೂರಿನ ಐಎಂಎ ಕಂಪನಿ 2019ರ ಜೂನ್‌ನಲ್ಲಿ ಕುಸಿದಾಗ ಹಣ ಹಾಕಿದ್ದ ಸಾವಿರಾರು ಕುಟುಂಬಗಳು ಬೀದಿಗೆ ಬಂದವು. ನೋಂದಣಿ, ರಸೀದಿ, ಲೆಕ್ಕಪತ್ರ ಕೇಳುವುದು ಅಪನಂಬಿಕೆ ಅಲ್ಲ.

ನಮ್ಮ ಮನೆಯವರು ಮೂರನೆಯ ದಾರಿ ಹಿಡಿದರು. ಎರಡು ಲಕ್ಷ ತೀರಿಸಲು ಪ್ಲಾಟು ಮಾರುವುದನ್ನು ಬಿಟ್ಟರೆ ಬೇರೆ ಹಣ ಇಲ್ಲ ಎಂದು ಲೆಕ್ಕದಲ್ಲಿ ಸ್ಪಷ್ಟವಾಗಿತ್ತು. ಆಪಾಳ ನಿಕಾಹ್ ದಿನಕ್ಕೆ ಬಂಗಾರ ಬಿಡಿಸಿಕೊಳ್ಳಲು ಆಗದಿದ್ದರೆ ಏನು ಎಂದು ಅಮ್ಮಿ ಒಂದೇ ಮಾತು ಕೇಳಿದರು. ಅಬ್ಬಾರ ಸ್ನೇಹಿತರೊಬ್ಬರು ಎರಡು ಲಕ್ಷಕ್ಕೆ ಪಾಲುದಾರರಾಗಲು ಒಪ್ಪಿದ್ದಾರೆ. ಲಾಭದ ಪಾಲು ಕಡಿಮೆಯಾಯಿತೆಂದು ಮಾಮು ಅವರಿಗೆ ಇನ್ನೂ ಸ್ವಲ್ಪ ಬೇಸರವಿದೆ. ಬೆಲೆ ನಿಜವಾಗಿಯೂ ಚೆನ್ನಾಗಿ ಏರಿದರೆ ಅವರ ಬೇಸರಕ್ಕೆ ಅರ್ಥವೂ ಇದೆ. ಆದರೆ ಏರದಿದ್ದರೂ ಬಂಗಾರ ಮನೆಯಲ್ಲೇ ಇರುತ್ತದೆ.

ಕಾಗದದ ವಿಷಯ

ಯಾವ ಹಣದಿಂದ ಕೊಂಡರೂ ಜಾಗದ ಕಾಗದ ಸರಿ ಇಲ್ಲದಿದ್ದರೆ ಗಡುವಿನೊಳಗೆ ಮಾರಲು ಆಗುವುದಿಲ್ಲ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಪ್ಲಾಟಿಗೆ ಇ-ಸ್ವತ್ತಿನ ನಮೂನೆ 9 ಮತ್ತು 11 ಇರಬೇಕು. ಜಾಗ ಎನ್.ಎ. ಆಗಿದೆಯೇ, ಉತಾರದಲ್ಲಿ ಬ್ಯಾಂಕಿನ ಅಥವಾ ಸೊಸೈಟಿಯ ಬೋಜಾ ಇದೆಯೇ ನೋಡಬೇಕು. ಸಬ್ ರಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪ್ರಮಾಣ ಪತ್ರ ತೆಗೆಸಬೇಕು. ಇವೆಲ್ಲ ಸಂಚಕಾರ ಕೊಡುವ ಮೊದಲಿನ ಕೆಲಸ.

ಸಾಲವಾಗಲಿ, ಜಾಗದ ಮುಂಗಡವಾಗಲಿ, 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆದಾಯ ತೆರಿಗೆ ಕಾನೂನಿನಂತೆ ನಗದಾಗಿ ಪಡೆಯುವಂತಿಲ್ಲ. ಕೊಡುವವರು, ಪಡೆಯುವವರು ಇಬ್ಬರಿಗೂ ಕೃಷಿ ಆದಾಯ ಮಾತ್ರ ಇದ್ದರೆ ವಿನಾಯಿತಿ ಇದೆ. ಬ್ಯಾಂಕ್ ಮೂಲಕ ಕೊಟ್ಟರೆ ಸಾಕ್ಷಿಯೂ ಆಗುತ್ತದೆ. ಖಾಲಿ ಚೆಕ್ಕಿಗೆ, ಖಾಲಿ ಬಾಂಡಿಗೆ ಸಹಿ ಮಾಡಲೇಬಾರದು.

ಸಾಲಕ್ಕೆ ಹೋಗುವ ಮೊದಲು ಐದು ಪ್ರಶ್ನೆ

1. ಇದನ್ನು ಯಾವ ಹಣದಿಂದ, ಯಾವ ತಿಂಗಳಲ್ಲಿ ತೀರಿಸುತ್ತೇವೆ? ಉತ್ತರ 'ಪ್ಲಾಟು ಮಾರಿ' ಎಂದಷ್ಟೇ ಇದ್ದರೆ ಅಲ್ಪಾವಧಿ ಸಾಲ ಬೇಡ.

2. ಕಂತು ಪ್ರತಿ ವಾರವೋ, ಪ್ರತಿ ತಿಂಗಳೋ, ಕೊನೆಗೆ ಒಮ್ಮೆಯೋ? ನಮ್ಮ ಮನೆಗೆ ಹಣ ಬರುವ ರೀತಿಗೆ ಅದು ಹೊಂದುತ್ತದೆಯೇ?

3. ಎಲ್ಲ ಶುಲ್ಕ ಸೇರಿ ವಾರ್ಷಿಕ ದರ ಎಷ್ಟು? ಫ್ಲಾಟೋ, ಉಳಿದ ಅಸಲಿನ ಮೇಲೋ?

4. ಗಡುವು ಆರು ತಿಂಗಳು ಮೀರಿದರೆ ಯಾವುದನ್ನು ಕಳೆದುಕೊಳ್ಳುತ್ತೇವೆ? ಅದು ಯಾರದ್ದು? ಅವರನ್ನು ಕೇಳಿದ್ದೇವೆಯೇ?

5. ನೋಂದಣಿ ಖರ್ಚು, ಬಡ್ಡಿ, ತೆರಿಗೆ ಸೇರಿಸಿ ಎಷ್ಟಕ್ಕೆ ಮಾರಿದರೆ ನಷ್ಟವಿಲ್ಲ?

ಈ ಐದಕ್ಕೂ ಒಂದು ಹಾಳೆಯ ಮೇಲೆ ಅಂಕಿ ಬರೆಯಲು ಆದರೆ ಸಾಲದ ವಿಧ ತಾನಾಗಿ ತಿಳಿಯುತ್ತದೆ. ನಾಲ್ಕನೆಯ ಪ್ರಶ್ನೆಯನ್ನು ಮಾತ್ರ ಮನೆಯ ಗಂಡಸರಷ್ಟೇ ಕುಳಿತು ಬರೆಯಬಾರದು. ಅಡ ಇಡುವ ಬಂಗಾರ ಹೆಚ್ಚಿನ ಮನೆಗಳಲ್ಲಿ ಅವರದ್ದಲ್ಲ.